ಸರ್ಪಸುತ್ತು ಎಲ್ಲಿಂದ ಬಂತು, ಯಾರಿಗೆ ಅಂಟುತ್ತದೆ? ನರದ ದಾರಿ ಹಿಡಿಯುವ ವೈರಸ್‌ಗಳ ಬಗ್ಗೆ

ತೆಂಗಿನತೋಟ, ತಿಪಟೂರು:

ನಮ್ಮ ತಾಯಿಯವರಿಗೆ 67 ವರ್ಷ. ಕಳೆದ ಸೋಮವಾರ ಎಡಪಕ್ಕೆಯಲ್ಲಿ ಉರಿ ಎಂದರು. ಚರ್ಮದ ಮೇಲೆ ಏನೂ ಕಾಣದ ಕಾರಣ ಗ್ಯಾಸ್ ಇರಬೇಕೆಂದು ನಾವೇ ತೀರ್ಮಾನಿಸಿ ಓಮದ ಕಷಾಯ ಕೊಟ್ಟೆವು. ಬುಧವಾರ ಬೆಳಿಗ್ಗೆ ನೋಡಿದರೆ ಬೆನ್ನುಮೂಳೆಯ ಬಳಿಯಿಂದ ಹೊರಟು, ಪಕ್ಕೆಯನ್ನು ಬಳಸಿಕೊಂಡು, ಎದೆಯ ಕೆಳಭಾಗದವರೆಗೆ ಪಟ್ಟಿ ಕಟ್ಟಿದಂತೆ ನೀರುಗುಳ್ಳೆಗಳು ಗೊಂಚಲು ಗೊಂಚಲಾಗಿ ಎದ್ದಿದ್ದವು. ಪಕ್ಕದ ಮನೆಯ ಅಜ್ಜಿ ನೋಡಿದ ತಕ್ಷಣ ಸರ್ಪಸುತ್ತು ಎಂದರು. ಹಾವಿನ ತಲೆ ಮತ್ತು ಬಾಲ ಸೊಂಟದ ಸುತ್ತ ಕೂಡಿಕೊಂಡರೆ ಜೀವಕ್ಕೆ ಅಪಾಯ, ಅಷ್ಟರೊಳಗೆ ಕೆಮ್ಮಣ್ಣು ಹಚ್ಚಿಸಿ ಮಂತ್ರ ಹಾಕಿಸಬೇಕು ಎಂಬುದು ಅವರ ಮಾತು. ತಾಯಿಯವರು ಅಂದಿನಿಂದ ದಿನಕ್ಕೆ ಹತ್ತು ಬಾರಿ ಕನ್ನಡಿಯ ಮುಂದೆ ನಿಂತು ಬಾಲ ಎಲ್ಲಿಗೆ ಬಂತೆಂದು ನೋಡಿಕೊಳ್ಳುತ್ತಿದ್ದಾರೆ.

ಮನೆಯಲ್ಲಿ ನಾಲ್ಕು ವರ್ಷದ ಮಗನಿದ್ದಾನೆ, ನನ್ನ ಹೆಂಡತಿ ಐದು ತಿಂಗಳ ಗರ್ಭಿಣಿ. ಇದು ಎಲ್ಲಿಂದ ಬಂತು, ಯಾರಿಂದ ಅಂಟಿತು, ಇನ್ನು ಯಾರಿಗೆ ಅಂಟಬಹುದು ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ. ವೈದ್ಯರಲ್ಲಿಗೆ ಇಂದು ಸಂಜೆ ಕರೆದುಕೊಂಡು ಹೋಗುತ್ತಿದ್ದೇವೆ.

ಸೂಕ್ಷ್ಮದರ್ಶಕ, ಮೈಸೂರು:

ಸಂಜೆಯವರೆಗೆ ಕಾಯಬೇಡಿ, ಸಾಧ್ಯವಾದರೆ ಈಗಲೇ ಹೊರಡಿ. ಇದಕ್ಕೆ ಕೊಡುವ ಅಸೈಕ್ಲೊವಿರ್ ಗುಂಪಿನ ಮಾತ್ರೆಗಳನ್ನು ಗುಳ್ಳೆ ಎದ್ದ 72 ಗಂಟೆಗಳೊಳಗೆ ಆರಂಭಿಸಿದರೆ ಹೆಚ್ಚಿನ ಪ್ರಯೋಜನ. ನಾನು ವೈದ್ಯೆಯಲ್ಲ, ಮೂವತ್ತು ವರ್ಷ ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಆದ್ದರಿಂದ ಚಿಕಿತ್ಸೆಯ ಮಾತನ್ನು ವೈದ್ಯರಿಗೆ ಬಿಟ್ಟು ನಿಮ್ಮ ಪ್ರಶ್ನೆಗಳಿಗೆ ಉತ್ತರಿಸುತ್ತೇನೆ.

ಈ ವೈರಸ್ ಕಳೆದ ವಾರ ಯಾರಿಂದಲೂ ಅಂಟಿದ್ದಲ್ಲ. ಬಹುಶಃ ಅರುವತ್ತು ವರ್ಷಗಳಿಂದ ಅದು ನಿಮ್ಮ ತಾಯಿಯವರ ದೇಹದಲ್ಲೇ ಇತ್ತು. ಚಿಕ್ಕಂದಿನಲ್ಲಿ ಅವರಿಗೆ ‘ಅಮ್ಮ’ ಆಗಿತ್ತೇ ಎಂದು ಕೇಳಿ ನೋಡಿ. ಸೀತಾಳೆ ಸಿಡುಬು ಎನ್ನುವ ಆ ಕಾಯಿಲೆಗೂ ಸರ್ಪಸುತ್ತಿಗೂ ಕಾರಣ ಒಂದೇ ವೈರಸ್, ಹೆಸರು ವ್ಯಾರಿಸೆಲ್ಲಾ ಝೋಸ್ಟರ್. ಸೀತಾಳೆಯ ಗುಳ್ಳೆಗಳು ಒಣಗಿ ಬೇವಿನೆಲೆಯ ನೀರು ಹೊಯ್ದ ಮೇಲೆ ಕಾಯಿಲೆ ಮುಗಿಯಿತೆಂದು ನಾವು ತಿಳಿಯುತ್ತೇವೆ. ವೈರಸ್ ಮಾತ್ರ ಮನೆ ಬಿಟ್ಟಿರುವುದಿಲ್ಲ. ಬೆನ್ನುಹುರಿಯ ಎರಡೂ ಬದಿಯಲ್ಲಿ, ಪ್ರತಿಯೊಂದು ನರವೂ ಹುರಿಯನ್ನು ಸೇರುವ ಜಾಗದ ಹತ್ತಿರ, ಸಂವೇದನೆಯ ನರಕೋಶಗಳು ಗುಂಪಾಗಿರುವ ಒಂದು ಸಣ್ಣ ಗಂಟು ಇರುತ್ತದೆ. ಚರ್ಮದ ನರತುದಿಗಳಿಂದ ಒಳಮುಖವಾಗಿ ಸಾಗಿ ಕೆಲವು, ರಕ್ತದ ಮೂಲಕ ಕೆಲವು, ಹೀಗೆ ಬಂದ ವೈರಸ್‌ಗಳು ಆ ಗಂಟುಗಳಲ್ಲಿ ಅಡಗುತ್ತವೆ. ವಯಸ್ಸಾಗಿಯೋ, ಬೇರೆ ಕಾಯಿಲೆಯಿಂದಲೋ, ಸ್ಟೀರಾಯ್ಡ್‌ನಂತಹ ಔಷಧಿಯಿಂದಲೋ ರೋಗನಿರೋಧಕ ಶಕ್ತಿಯ ಕಾವಲು ಸಡಿಲವಾದಾಗ ಯಾವುದೋ ಒಂದು ಗಂಟಿನಲ್ಲಿ ಅದು ಎದ್ದು, ಬಂದ ದಾರಿಯಲ್ಲೇ ತಿರುಗಿ ಚರ್ಮಕ್ಕೆ ಸಾಗುತ್ತದೆ. ಗುಳ್ಳೆಗೆ ಎರಡು ದಿನ ಮುಂಚೆಯೇ ಉರಿ ಬಂದದ್ದು ಇದೇ ಕಾರಣಕ್ಕೆ. ನೀವು ಓಮದ ಕಷಾಯ ಕಾಯಿಸುತ್ತಿದ್ದಾಗ ವೈರಸ್ ನರದ ಒಳಗೆ ದಾರಿಯಲ್ಲಿತ್ತು.

ಈಗ ಹಾವಿನ ತಲೆ ಮತ್ತು ಬಾಲದ ವಿಷಯ. ಎಡಗಡೆಯ ಗಂಟಿನ ನರ ದೇಹದ ಎಡ ಅರ್ಧಕ್ಕೆ ಮಾತ್ರ ಹೋಗುತ್ತದೆ. ಬೆನ್ನಿನ ನಡುಗೆರೆಯಿಂದ ಎದೆಯ ನಡುಗೆರೆಯವರೆಗೆ ಅದರ ಸರಹದ್ದು. ಗುಳ್ಳೆಗಳ ಪಟ್ಟಿ ಅಲ್ಲಿಗೆ ಬಂದು ನಿಲ್ಲುವುದು ಮಂತ್ರಕ್ಕೆ ಹೆದರಿ ಅಲ್ಲ, ಮುಂದೆ ಆ ನರದ ಕೊಂಬೆಯೇ ಇಲ್ಲದ ಕಾರಣ. 1900ರಲ್ಲಿ ಹೆನ್ರಿ ಹೆಡ್ ಮತ್ತು ಕ್ಯಾಂಪ್‌ಬೆಲ್ ಎಂಬ ಇಬ್ಬರು ವೈದ್ಯರು ಸರ್ಪಸುತ್ತಿನ ರೋಗಿಗಳ ಗುಳ್ಳೆಪಟ್ಟಿಗಳನ್ನು ಗುರುತಿಸಿಟ್ಟು, ಚರ್ಮದ ಯಾವ ಭಾಗ ಯಾವ ನರದ ಪಾಲು ಎಂಬ ನಕ್ಷೆಯನ್ನೇ ಸಿದ್ಧಪಡಿಸಿದರು. ರೋಗನಿರೋಧಕ ಶಕ್ತಿ ತೀರಾ ಕುಂದಿದವರಲ್ಲಿ ಗುಳ್ಳೆಗಳು ಮೈಯೆಲ್ಲ ಹರಡುವುದುಂಟು. ಅಪಾಯಕ್ಕೆ ಕಾರಣ ಆ ದುರ್ಬಲತೆಯೇ ಹೊರತು ತಲೆ-ಬಾಲ ಕೂಡಿದ್ದಲ್ಲ. ಕನ್ನಡಿಯನ್ನು ಬದಿಗಿಡಲು ತಾಯಿಯವರಿಗೆ ಧೈರ್ಯವಾಗಿ ಹೇಳಿ.

ಅಂಟುವ ವಿಚಾರದಲ್ಲಿ ಒಂದು ಸೂಕ್ಷ್ಮವಿದೆ. ಸರ್ಪಸುತ್ತು ಸರ್ಪಸುತ್ತಾಗಿ ಯಾರಿಗೂ ಅಂಟುವುದಿಲ್ಲ. ಆದರೆ ಗುಳ್ಳೆಯ ನೀರಿನಲ್ಲಿ ಜೀವಂತ ವೈರಸ್ ಇರುವುದರಿಂದ, ಸೀತಾಳೆ ಆಗಿರದ ಮತ್ತು ಅದರ ಲಸಿಕೆಯನ್ನೂ ಪಡೆಯದ ವ್ಯಕ್ತಿಗೆ ಅದು ತಾಗಿದರೆ ಸೀತಾಳೆ ಬರಬಹುದು. ನಿಮ್ಮ ಮಗನಿಗೆ ಆ ಲಸಿಕೆ ಆಗಿದೆಯೇ ನೋಡಿ. ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಅದು ಇಲ್ಲದ ಕಾರಣ ಎಷ್ಟೋ ಮಕ್ಕಳಿಗೆ ಆಗಿರುವುದಿಲ್ಲ. ನಿಮ್ಮ ಶ್ರೀಮತಿಯವರಿಗೆ ಬಾಲ್ಯದಲ್ಲಿ ಸೀತಾಳೆ ಆಗಿದ್ದರೆ ಚಿಂತೆಗೆ ಕಾರಣವಿಲ್ಲ. ನೆನಪಿಲ್ಲದಿದ್ದರೆ ಅವರ ಪ್ರಸೂತಿ ವೈದ್ಯರಿಗೆ ಇಂದೇ ತಿಳಿಸಬೇಕು, ರಕ್ತಪರೀಕ್ಷೆಯಿಂದ ಗೊತ್ತಾಗುತ್ತದೆ. ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಆ ಜಾಗವನ್ನು ಸಡಿಲವಾದ ಹತ್ತಿಬಟ್ಟೆಯಿಂದ ಮುಚ್ಚಿಡಿ, ತಾಯಿಯವರ ಟವೆಲ್ ಮತ್ತು ಹಾಸಿಗೆಯನ್ನು ಬೇರೆ ಮಾಡಿ.

ರಾಗಿಮುದ್ದೆ, ಚನ್ನರಾಯಪಟ್ಟಣ:

ಮೇಡಂ, ತಮ್ಮ ವಿವರಣೆ ಚೆನ್ನಾಗಿದೆ. ಆದರೂ ಅನುಭವವನ್ನು ಹೇಳದೆ ಇರಲಾರೆ. ಎಂಟು ವರ್ಷಗಳ ಹಿಂದೆ ನನಗೆ ಬಲತೊಡೆಯ ಮೇಲೆ ಸರ್ಪಸುತ್ತು ಬಂದಾಗ ನಮ್ಮ ಪಕ್ಕದ ಊರಿನ ಹಿರಿಯರೊಬ್ಬರಲ್ಲಿ ಮೂರು ಬೆಳಿಗ್ಗೆ ಮಂತ್ರ ಹಾಕಿಸಿ ಕೆಮ್ಮಣ್ಣು ಹಚ್ಚಿಸಿದೆ. ಎರಡೇ ವಾರದಲ್ಲಿ ಒಣಗಿತು. ಅವರು ಹಣವನ್ನೂ ಮುಟ್ಟಲಿಲ್ಲ, ಎಲೆ-ಅಡಿಕೆ ಮಾತ್ರ ತೆಗೆದುಕೊಂಡರು. ಇಂತಹವರನ್ನು ಮೋಸಗಾರರೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಉಣುಗು, ತೀರ್ಥಹಳ್ಳಿ:

ರಾಗಿಮುದ್ದೆಯವರೇ, ಅವರು ಮೋಸಗಾರರಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಸರ್ಪಸುತ್ತಿನ ಗುಳ್ಳೆಗಳು ಏನೂ ಮಾಡದಿದ್ದರೂ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಒಣಗುತ್ತವೆ. ಹಾಗಾಗಿ ಮಂತ್ರ ಹಾಕಿದವರಿಗೂ ಹಾಕಿಸಿಕೊಂಡವರಿಗೂ ಅದು ಫಲಿಸಿತೆಂದೇ ಅನ್ನಿಸುತ್ತದೆ.

ನಾನು ಪಶುವೈದ್ಯ, ಮಲೆನಾಡಿನಲ್ಲಿ ಇಪ್ಪತ್ತೆರಡು ವರ್ಷದ ಸೇವೆ. ಇದೇ ತರ್ಕ ನಾಯಿ ಕಡಿತಕ್ಕೆ ಬಂದಾಗ ನನಗೆ ದಿಗಿಲಾಗುತ್ತದೆ. ಕಚ್ಚುವ ನಾಯಿಗಳಲ್ಲಿ ಹೆಚ್ಚಿನವಕ್ಕೆ ರೇಬಿಸ್ ಇರುವುದಿಲ್ಲ. ಆದ್ದರಿಂದ ನಾಟಿ ಔಷಧಿ ಕುಡಿಸುವವರ ಬಳಿ ಹೋದ ಬಹುತೇಕ ಜನರು ಬದುಕುತ್ತಾರೆ, ಆ ಮನೆಯ ಹೆಸರು ಹತ್ತೂರಿಗೆ ಹಬ್ಬುತ್ತದೆ. ನಿಜವಾಗಿ ರೇಬಿಸ್ ಇದ್ದ ನಾಯಿ ಕಚ್ಚಿದವನು ಎರಡು-ಮೂರು ತಿಂಗಳ ನಂತರ ಸತ್ತಾಗ, ಪಥ್ಯ ಮುರಿದಿರಬೇಕು ಎಂಬ ಉತ್ತರ ಸಿದ್ಧವಿರುತ್ತದೆ. ಸರ್ಪಸುತ್ತಿನಲ್ಲಿ ಈ ತಪ್ಪು ತಿಳಿವಳಿಕೆಯ ಬೆಲೆ ಒಂದಿಷ್ಟು ನೋವು. ರೇಬಿಸ್‌ನಲ್ಲಿ ಅದರ ಬೆಲೆ ಜೀವ, ಏಕೆಂದರೆ ಲಕ್ಷಣ ಆರಂಭವಾದ ಮೇಲೆ ಬದುಕಿ ಉಳಿದವರು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ವರ್ಷಕ್ಕೆ ಸುಮಾರು 59,000 ಜನರು ರೇಬಿಸ್‌ನಿಂದ ಸಾಯುತ್ತಾರೆ, ಅವರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ನಮ್ಮ ದೇಶದವರು.

ಹಿತ್ತಲಗಿಡ, ಗದಗ:

ವಿಷಯ ನರಗಳಿಗೆ ಸಂಬಂಧಿಸಿದ್ದರಿಂದ ಇಲ್ಲೇ ಕೇಳುತ್ತೇನೆ. ನಾಯಿ ಕಚ್ಚುವುದು ಕಾಲಿಗೆ, ರೋಗ ಬರುವುದು ಮಿದುಳಿಗೆ. ನಡುವೆ ತಿಂಗಳುಗಟ್ಟಲೆ ಆ ವೈರಸ್ ಎಲ್ಲಿರುತ್ತದೆ? ಅಷ್ಟು ದಿನವಿದ್ದರೂ ರಕ್ತಪರೀಕ್ಷೆಯಲ್ಲಿ ಅದನ್ನು ಹಿಡಿಯಲು ಏಕೆ ಆಗುವುದಿಲ್ಲ? 1986ರಲ್ಲಿ ನನಗೆ ನಾಯಿ ಕಚ್ಚಿದಾಗ ಹೊಕ್ಕುಳ ಸುತ್ತ 14 ದಿನ ಸೂಜಿ ಚುಚ್ಚಿಸಿಕೊಂಡಿದ್ದೇನೆ. ಈಗಿನವರು ತೋಳಿಗೆ ನಾಲ್ಕು ಸಲ ಹಾಕಿ ಕಳಿಸುತ್ತಾರೆ. ಇದು ಸಾಕೇ ಎಂಬ ಸಂಶಯವೂ ಇದೆ.

ಸೂಕ್ಷ್ಮದರ್ಶಕ, ಮೈಸೂರು:

ನಿಮ್ಮ ಎರಡನೆಯ ಪ್ರಶ್ನೆಯಲ್ಲೇ ಮೊದಲನೆಯದರ ಉತ್ತರವೂ ಅಡಗಿದೆ. ರೇಬಿಸ್ ವೈರಸ್ ರಕ್ತದ ದಾರಿಯನ್ನು ಹಿಡಿಯುವುದೇ ಇಲ್ಲ. ನಾಯಿಯ ಜೊಲ್ಲಿನೊಂದಿಗೆ ಮಾಂಸಖಂಡಕ್ಕೆ ಬಿದ್ದ ಅದು ಹಲವು ದಿನ, ಕೆಲವೊಮ್ಮೆ ವಾರಗಟ್ಟಲೆ, ಅಲ್ಲಿಯೇ ಸದ್ದಿಲ್ಲದೆ ಇದ್ದು ಸ್ವಲ್ಪ ಸ್ವಲ್ಪವಾಗಿ ಹೆಚ್ಚುತ್ತದೆ. ನರವು ಸ್ನಾಯುವಿಗೆ ಆಜ್ಞೆ ಕೊಡುವ ಸಂಧಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಹಿಡಿದುಕೊಳ್ಳುವ ಗ್ರಾಹಕಗಳಿವೆ. ವೈರಸ್‌ನ ಮೇಲ್ಮೈಯ ಪ್ರೋಟೀನು ಅವುಗಳಿಗೂ ಅಂಟಿಕೊಳ್ಳಬಲ್ಲದು. ಅಲ್ಲಿಂದ ಅದು ನರದ ತುದಿಯೊಳಗೆ ಹೊಕ್ಕಿತೆಂದರೆ ಮುಂದಿನದು ಸವಾರಿ. ನರತಂತುವಿನ ಒಳಗೆ ತುದಿಯಿಂದ ಕೋಶದ ಕಡೆಗೆ ಸಾಮಾನು ಹೊರುವ ಡೈನೀನ್ ಎಂಬ ಪ್ರೋಟೀನು ಯಂತ್ರವಿದೆ. ಅದು ದಿನನಿತ್ಯ ಮಾಡುವ ಕೆಲಸವೇ ಇದು, ವೈರಸ್ ಟಿಕೆಟ್ ಇಲ್ಲದೆ ಆ ಗಾಡಿ ಹತ್ತುತ್ತದೆ. ದಿನಕ್ಕೆ ಸುಮಾರು 5ರಿಂದ 10 ಸೆಂಟಿಮೀಟರ್ ವೇಗವೆಂದು ಹೇಳುತ್ತಾರೆ. ಆ ಲೆಕ್ಕದಲ್ಲಿ ಪಾದದಿಂದ ಬೆನ್ನುಹುರಿಗೆ ಎರಡು ಮೂರು ವಾರ ಸಾಕು. ಸಾಮಾನ್ಯವಾಗಿ ಎರಡು-ಮೂರು ತಿಂಗಳು ಹಿಡಿಯುತ್ತದೆ ಎಂದರೆ ಉಳಿದ ಸಮಯವನ್ನು ಅದು ಗಾಯದ ಜಾಗದಲ್ಲೇ ಕಳೆದಿರುತ್ತದೆ. ಮುಖಕ್ಕೆ ಅಥವಾ ನರತುದಿಗಳು ದಟ್ಟವಾಗಿರುವ ಬೆರಳಿಗೆ ಕಚ್ಚಿದರೆ ಈ ಕಾಲಾವಕಾಶ ಬಹಳ ಕಡಿಮೆ.

ಮನುಷ್ಯನಿಗೆ ಸಿಕ್ಕಿರುವ ಅವಕಾಶವೆಂದರೆ ಆ ಕಾಯುವ ಸಮಯವೇ. ಕಚ್ಚಿದ ಕೂಡಲೇ ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ಗಾಯವನ್ನು ತೊಳೆಯಿರಿ ಎನ್ನುವುದು, ಆಳವಾದ ಗಾಯಕ್ಕೆ ಇಮ್ಯುನೊಗ್ಲೋಬುಲಿನ್ ಎಂಬ ಸಿದ್ಧ ಪ್ರತಿಕಾಯವನ್ನು ಗಾಯದ ಒಳಕ್ಕೇ ಚುಚ್ಚುವುದು, ಇವೆರಡೂ ವೈರಸ್ ಗಾಡಿ ಹತ್ತುವ ಮುನ್ನ ನಿಲ್ದಾಣದಲ್ಲೇ ಹಿಡಿಯುವ ಕ್ರಮಗಳು. ಈ ವೈರಸ್‌ನ ಹೊರಪದರ ಕೊಬ್ಬಿನದಾದ್ದರಿಂದ ಸೋಪು ಅದನ್ನು ನಿಜವಾಗಿಯೂ ಒಡೆಯುತ್ತದೆ. ಗಾಯಕ್ಕೆ ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ತುಂಬುವವರು ತೊಳೆಯಬೇಕಾದ ಸಮಯವನ್ನು ಕಳೆಯುವುದಲ್ಲದೆ ಅಂಗಾಂಶವನ್ನೂ ಕೆರಳಿಸುತ್ತಾರೆ.

ಹೊಕ್ಕುಳ ಸುತ್ತಲಿನ ಸೂಜಿಯ ಬಗ್ಗೆ: ಡೇವಿಡ್ ಸೆಂಪಲ್ ಎಂಬ ವೈದ್ಯರು 1911ರ ಸುಮಾರಿಗೆ ಹಿಮಾಚಲದ ಕಸೌಲಿಯಲ್ಲಿ ರೂಪಿಸಿದ ಲಸಿಕೆ ಅದು. ಕುರಿಯ ಮಿದುಳಿನಲ್ಲಿ ವೈರಸ್ ಬೆಳೆಸಿ, ಅದನ್ನು ನಿಷ್ಕ್ರಿಯಗೊಳಿಸಿ, ಆ ಮಿದುಳಿನ ಅಂಶದ ಸಮೇತ ಚುಚ್ಚುತ್ತಿದ್ದರು. ಪ್ರಮಾಣ ಹೆಚ್ಚಾದ್ದರಿಂದ ಹೊಟ್ಟೆಯ ಚರ್ಮದ ಕೆಳಗೆ ಕೊಡುತ್ತಿದ್ದರು. ಕುರಿಯ ನರಪೊರೆಯ ವಿರುದ್ಧ ಎದ್ದ ರೋಗನಿರೋಧಕ ಶಕ್ತಿ ಕೆಲವರಲ್ಲಿ ತಮ್ಮದೇ ನರಪೊರೆಯ ಮೇಲೆ ತಿರುಗಿಬಿದ್ದು ಪಾರ್ಶ್ವವಾಯುವಿನಂತಹ ತೊಂದರೆಗಳಾಗುತ್ತಿದ್ದವು. 2005ರ ಹೊತ್ತಿಗೆ ನಮ್ಮ ದೇಶದಲ್ಲಿ ಅದರ ಬಳಕೆ ನಿಂತಿತು. ಈಗಿನ ಲಸಿಕೆ ಕೋಶಕೃಷಿಯಲ್ಲಿ, ಎಂದರೆ ಪ್ರಯೋಗಾಲಯದಲ್ಲಿ ಸಾಕಿದ ಜೀವಕೋಶಗಳಲ್ಲಿ, ಬೆಳೆಸಿದ್ದು, ಶುದ್ಧವಾದದ್ದು, ಶಕ್ತಿಯಲ್ಲೂ ಮೇಲಾದದ್ದು. ಚರ್ಮದ ಪದರದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನವನ್ನು ಸೊನ್ನೆ ಎಂದು ಲೆಕ್ಕಹಾಕಿ 0, 3, 7 ಮತ್ತು 28ನೆಯ ದಿನಗಳಲ್ಲಿ ಎರಡೂ ತೋಳುಗಳಿಗೆ 0.1 ಮಿಲಿಲೀಟರ್‌ನಂತೆ ಹಾಕುತ್ತಾರೆ. ಪೂರ್ತಿ ಹಾಕಿಸಿಕೊಂಡರೆ ಅದು ಸಾಕು. ಎರಡು ಸೂಜಿಯ ನಂತರ ನಾಯಿ ಚೆನ್ನಾಗಿದೆಯಲ್ಲ ಎಂದು ತಾವೇ ನಿಲ್ಲಿಸುವವರ ಬಗ್ಗೆ ನನಗೆ ಚಿಂತೆ.

ಉಣುಗು, ತೀರ್ಥಹಳ್ಳಿ:

ಮೇಡಂ ಅವರು ಹೇಳಿದ್ದಕ್ಕೆ ಕೊಟ್ಟಿಗೆಯ ಕಡೆಯಿಂದ ಒಂದು ಮಾತನ್ನು ಸೇರಿಸುತ್ತೇನೆ. ಮಿದುಳನ್ನು ತಲುಪಿದ ರೇಬಿಸ್ ವೈರಸ್ ಅಲ್ಲಿಗೇ ನಿಲ್ಲುವುದಿಲ್ಲ. ಮತ್ತೆ ನರಗಳ ಮೂಲಕವೇ ಹೊರಮುಖವಾಗಿ ಸಾಗಿ ಜೊಲ್ಲಿನ ಗ್ರಂಥಿಗಳನ್ನು ಸೇರುತ್ತದೆ. ಅಲ್ಲಿ ಹೇರಳವಾಗಿ ಬೆಳೆದು ಮುಂದಿನ ಪ್ರಾಣಿಗೆ ಹೋಗಲು ಸಿದ್ಧವಾಗುತ್ತದೆ. ಅದೇ ವೇಳೆಗೆ ಪ್ರಾಣಿಯ ನಡವಳಿಕೆ ಕೆಟ್ಟು ಅದು ಕಚ್ಚಲು ಬರುತ್ತದೆ, ಗಂಟಲಿನ ಸ್ನಾಯುಗಳು ಕೆಟ್ಟು ಜೊಲ್ಲನ್ನು ನುಂಗಲೂ ಆಗುವುದಿಲ್ಲ. ಮನುಷ್ಯರಲ್ಲಿ ನೀರು ಕಂಡರೆ ಗಂಟಲು ಸೆಟೆದುಕೊಳ್ಳುವುದೂ ಇದರ ಭಾಗವೇ.

ದನಗಳಲ್ಲಿ ರೋಗದ ರೂಪ ಬೇರೆ. ಒಮ್ಮೆ ಮಳೆಗಾಲದಲ್ಲಿ ಒಬ್ಬರ ಮನೆಗೆ ಕರೆ ಬಂತು. ಹಸು ಎರಡು ದಿನದಿಂದ ಮೇವು ಮುಟ್ಟಿಲ್ಲ, ಬಾಯಿಂದ ದಾರದಂತೆ ಜೊಲ್ಲು ಇಳಿಯುತ್ತಿದೆ, ಗಂಟಲಲ್ಲಿ ಹಲಸಿನ ಬೀಜವೋ ಮಾವಿನ ಓಟೆಯೋ ಸಿಕ್ಕಿರಬೇಕು ಎಂದರು. ನಾನು ಹೋಗುವಷ್ಟರಲ್ಲಿ ಮನೆಯ ಯಜಮಾನರು, ಅವರ ತಮ್ಮ ಮತ್ತು ಕೆಲಸದಾಳು ಮೂವರೂ ಸರದಿಯಲ್ಲಿ ಮೊಣಕೈವರೆಗೆ ಅದರ ಬಾಯಿಗೆ ಕೈ ಹಾಕಿ ಹುಡುಕಿಯಾಗಿತ್ತು. ಹಸು ಒಡೆದ ಕಹಳೆಯಂತಹ ದನಿಯಲ್ಲಿ ಕೂಗುತ್ತಿತ್ತು, ಹಿಂಗಾಲು ಸೋಲುತ್ತಿತ್ತು, ಸುಮ್ಮಸುಮ್ಮನೆ ತಿಣುಕುತ್ತಿತ್ತು. ನಾಯಿ ಕಚ್ಚಿತ್ತೇ ಎಂದು ಕೇಳಿದರೆ, ಒಂದು ತಿಂಗಳ ಹಿಂದೆ ಗುಡ್ಡದಲ್ಲಿ ಏನೋ ಗಲಾಟೆಯಾಗಿತ್ತು ಎಂದು ದನ ಕಾಯುವ ಹುಡುಗ ನೆನಪಿಸಿಕೊಂಡ. ಅಡಿಕೆ ಸುಲಿದು ತರಚಿದ್ದ ಆ ಮೂರು ಜೊತೆ ಕೈಗಳನ್ನು ನೋಡಿ ನನಗೆ ಮಾತು ಹೊರಡಲಿಲ್ಲ. ಮೊದಲು ಬಚ್ಚಲಿಗೆ ಕಳಿಸಿ ಸೋಪು ಹಾಕಿ ತೊಳೆಸಿ, ಅದೇ ಜೀಪಿನಲ್ಲಿ ಆಸ್ಪತ್ರೆಗೆ ಕಳಿಸಿದೆ. ಮೂವರೂ ಪೂರ್ತಿ ಲಸಿಕೆ ತೆಗೆದುಕೊಂಡು ಇಂದಿಗೂ ಚೆನ್ನಾಗಿದ್ದಾರೆ. ಹಸು ಮೂರನೆಯ ದಿನ ಸತ್ತಿತು.

ಜೊಲ್ಲು ಸುರಿಸುವ ದನದ ಬಾಯಿಗೆ ಬರಿಗೈ ಹಾಕಬೇಡಿ ಎಂದು ಅಂದಿನಿಂದ ಹೋದಲ್ಲೆಲ್ಲ ಹೇಳುತ್ತೇನೆ. ಅಂತಹ ಹಸುವಿನ ಹಾಲು ಕುಡಿದೆವಲ್ಲ ಎಂದು ಗಾಬರಿಪಡುವವರು ಬಹಳ. ಕಾಯಿಸಿದ ಹಾಲಿನಲ್ಲಿ ಈ ವೈರಸ್ ಉಳಿಯುವುದಿಲ್ಲ.

ಕೆರೆಕೋಡಿ, ಮಾಲೂರು:

ನಮ್ಮ ಕಡೆ ಮಿದುಳು ಜ್ವರದ ಹೆಸರು ಕೇಳಿದರೆ ಹಿರಿಯರು ಇಂದಿಗೂ ಬೆಚ್ಚುತ್ತಾರೆ. ಕೋಲಾರ ಮತ್ತು ಮಂಡ್ಯ ಕಡೆ ಮಕ್ಕಳನ್ನು ಕೊಂಡೊಯ್ದ ಆ ಜಪಾನೀಸ್ ಎನ್ಸೆಫಲೈಟಿಸ್ ಕೂಡ ಇದೇ ರೀತಿ ನರದ ಮೂಲಕ ಏರುತ್ತದೆಯೇ? ಹಂದಿಯಿಂದ ಬರುತ್ತದೆ ಎನ್ನುತ್ತಾರೆ, ಸೊಳ್ಳೆಯಿಂದ ಎನ್ನುತ್ತಾರೆ. ರೋಗಿಯ ಆರೈಕೆ ಮಾಡಿದವರಿಗೂ ಅಂಟುತ್ತದೆಂದು ನಮ್ಮ ಅಜ್ಜಿಯ ಕಾಲದಲ್ಲಿ ಆ ಮನೆಗಳಿಗೆ ಯಾರೂ ಹೋಗುತ್ತಿರಲಿಲ್ಲವಂತೆ.

ಸೂಕ್ಷ್ಮದರ್ಶಕ, ಮೈಸೂರು:

ಇದರ ದಾರಿ ಬೇರೆ. ಗದ್ದೆಯ ನಿಂತ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಜಾತಿಯ ಸೊಳ್ಳೆಗಳು ಮುಸ್ಸಂಜೆಯ ನಂತರ ಕಚ್ಚುತ್ತವೆ. ಬೆಳ್ಳಕ್ಕಿ, ಕೊಕ್ಕರೆಗಳ ರಕ್ತದಿಂದ ವೈರಸ್ ಪಡೆದು ಹಂದಿಗೆ ಕೊಡುತ್ತವೆ. ಹಂದಿಯ ರಕ್ತದಲ್ಲಿ ಅದು ಯಥೇಚ್ಛವಾಗಿ ಬೆಳೆಯುವುದರಿಂದ ಅಲ್ಲಿಂದ ಮತ್ತಷ್ಟು ಸೊಳ್ಳೆಗಳಿಗೆ ಸಿಗುತ್ತದೆ. ಮನುಷ್ಯನಿಗೆ ಸೊಳ್ಳೆ ಕಚ್ಚಿದಾಗ ವೈರಸ್ ರಕ್ತದಲ್ಲಿ ಬೆಳೆದು, ರಕ್ತಕ್ಕೂ ಮಿದುಳಿಗೂ ನಡುವಿನ ತಡೆಯನ್ನು ದಾಟಿ ಒಳಹೋಗುತ್ತದೆ. ಸೋಂಕು ತಗುಲಿದ ಸುಮಾರು 250 ಮಂದಿಯಲ್ಲಿ ಒಬ್ಬರಿಗಷ್ಟೇ ತೀವ್ರ ಕಾಯಿಲೆಯಾಗುತ್ತದೆ. ಆದರೆ ಹಾಗಾದವರಲ್ಲಿ ಸಾವಿನ ಪ್ರಮಾಣ ಶೇ. 30ರವರೆಗೂ ಇರಬಹುದು, ಬದುಕಿದವರಲ್ಲೂ ಹಲವರಿಗೆ ಶಾಶ್ವತ ನ್ಯೂನತೆ ಉಳಿಯುತ್ತದೆ.

ಈಗ ನಿಮ್ಮ ಅಜ್ಜಿಯ ಕಾಲದ ಭಯ. ಮನುಷ್ಯನ ರಕ್ತದಲ್ಲಿ ಈ ವೈರಸ್‌ನ ಪ್ರಮಾಣ ಎಷ್ಟು ಕಡಿಮೆಯೆಂದರೆ ಅವನನ್ನು ಕಚ್ಚಿದ ಸೊಳ್ಳೆಗೂ ಅದು ಹತ್ತುವುದಿಲ್ಲ. ಮಿದುಳಿನಿಂದ ಹೊರಬರುವ ದಾರಿಯೂ ಇಲ್ಲ. ರೋಗಿಯ ಪಕ್ಕದಲ್ಲಿ ಕುಳಿತು ಗಂಜಿ ಕುಡಿಸಿದವರಿಗೆ ಅದು ಅಂಟುವ ಸಂಭವವೇ ಇರಲಿಲ್ಲ. ಆ ಮನೆಗಳನ್ನು ಊರು ವಿನಾಕಾರಣ ದೂರವಿಟ್ಟಿತು. ಇಷ್ಟೆಲ್ಲ ನೋವಿನ ನಡುವೆ ಕೋಲಾರದಿಂದ ಒಂದು ಉಪಕಾರವೂ ಆಯಿತು. ಅಲ್ಲಿ ಸಂಗ್ರಹಿಸಿದ ವೈರಸ್ ತಳಿಯನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಕಾಪಾಡಿಕೊಂಡು ಬಂದಿತ್ತು. ಅದರಿಂದಲೇ ಜೆನ್‌ವ್ಯಾಕ್ ಎಂಬ ದೇಶೀಯ ಲಸಿಕೆ ತಯಾರಾಗಿ 2013ರಲ್ಲಿ ಬಳಕೆಗೆ ಬಂತು. ತಳಿಯ ಹೆಸರಿನಲ್ಲೇ ಕೋಲಾರವಿದೆ.

ಹಿತ್ತಲಗಿಡ, ಗದಗ:

ಮೇಡಂ, ಹಾಗಾದರೆ ಮಿದುಳಿಗೆ ಹೋಗಿ ವೈರಸ್‌ಗೆ ಬಂದ ಲಾಭವೇನು? ರೋಗಿ ಸತ್ತರೆ ಅದೂ ಸಾಯುತ್ತದೆಯಲ್ಲವೇ?

ಸೂಕ್ಷ್ಮದರ್ಶಕ, ಮೈಸೂರು:

ಜಪಾನೀಸ್ ಎನ್ಸೆಫಲೈಟಿಸ್‌ಗೆ ಏನೂ ಲಾಭವಿಲ್ಲ, ಅದು ದಾರಿ ತಪ್ಪಿ ಕುರುಡು ಓಣಿಗೆ ನುಗ್ಗಿದಂತೆ. ಪೋಲಿಯೊ ಕೂಡ ಹೀಗೆಯೇ. ಬಾಯಿಯಿಂದ ಹೋಗಿ, ಕರುಳಿನಲ್ಲಿ ಬೆಳೆದು, ಮಲದಲ್ಲಿ ಹೊರಬಂದು, ಕಲುಷಿತ ನೀರಿನ ಮೂಲಕ ಮುಂದಿನ ಮಗುವನ್ನು ತಲುಪುವಲ್ಲಿಗೆ ಅದರ ಸಂಸಾರ ಪೂರ್ಣ. ಸುಮಾರು 200 ಸೋಂಕುಗಳಲ್ಲಿ ಒಂದರಲ್ಲಿ ಮಾತ್ರ ಅದು ಬೆನ್ನುಹುರಿಗೆ ನುಗ್ಗಿ ಸ್ನಾಯುಗಳನ್ನು ನಡೆಸುವ ನರಕೋಶಗಳನ್ನು ಕೊಂದು ಕಾಲನ್ನು ಊನ ಮಾಡುತ್ತದೆ. ಅದರಿಂದ ವೈರಸ್‌ನ ಹರಡುವಿಕೆಗೆ ಕವಡೆಯಷ್ಟೂ ಪ್ರಯೋಜನವಿಲ್ಲ. ಕಾಲು ಸೋತ ಒಂದು ಮಗು ಕಂಡರೆ ಊರಿನಲ್ಲಿ ಕಾಣದ ಸೋಂಕು ನೂರಾರು ಇದೆ ಎಂದರ್ಥ. ಪಲ್ಸ್ ಪೋಲಿಯೊ ದಿನ ಆರೋಗ್ಯವಂತ ಮಕ್ಕಳಿಗೂ ಹನಿ ಹಾಕಲು ಅಷ್ಟೊಂದು ಪಟ್ಟು ಹಿಡಿದದ್ದು ಅದಕ್ಕೇ. ನಮ್ಮ ದೇಶದಲ್ಲಿ ಕಾಡುತಳಿಯ, ಎಂದರೆ ಸಹಜವಾಗಿ ಹರಡುವ ಪೋಲಿಯೊ ವೈರಸ್‌ನ, ಕೊನೆಯ ಪ್ರಕರಣ ದಾಖಲಾದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ.

ನಾವು ಮಾತನಾಡಿದ ವೈರಸ್‌ಗಳಲ್ಲಿ ಮಿದುಳಿನವರೆಗಿನ ಪ್ರಯಾಣವನ್ನೇ ಬದುಕಿನ ಕ್ರಮವಾಗಿಸಿಕೊಂಡಿರುವುದು ರೇಬಿಸ್ ಒಂದೇ. ಸರ್ಪಸುತ್ತಿನದು ಇನ್ನೊಂದು ಜಾಣತನ. ಅದಕ್ಕೆ ನರದ ಗಂಟು ಉಗ್ರಾಣವಿದ್ದಂತೆ. ಊರಿನಲ್ಲಿ ಸೀತಾಳೆಗೆ ಹೊಸ ಮಕ್ಕಳೇ ಸಿಗದ ಕಾಲದಲ್ಲೂ ಅಜ್ಜಿಯೊಬ್ಬಳ ಬೆನ್ನಿನೊಳಗೆ ಅದು ಕಾದಿದ್ದು, ಮೊಮ್ಮಗ ಹುಟ್ಟಿದ ಮೇಲೆ ಎದ್ದು ಬರುತ್ತದೆ. ಇಂಗ್ಲೆಂಡಿನ ಹೋಪ್ ಸಿಂಪ್ಸನ್ ಎಂಬ ಸಾಮಾನ್ಯ ವೈದ್ಯರು ತಮ್ಮ ಸುತ್ತಲಿನ ಹಳ್ಳಿಗಳ ರೋಗಿಗಳ ದಾಖಲೆಯನ್ನು ವರ್ಷಗಟ್ಟಲೆ ಬರೆದಿಟ್ಟು 1965ರಲ್ಲಿ ಈ ವಾದವನ್ನು ಮಂಡಿಸಿದರು. ದೊಡ್ಡ ಪ್ರಯೋಗಾಲಯವೇನೂ ಅವರಿಗಿರಲಿಲ್ಲ ಎಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ಒತ್ತಿ ಹೇಳುತ್ತಿದ್ದೆ.

ಉಣುಗು, ತೀರ್ಥಹಳ್ಳಿ:

ನಮ್ಮ ಮಂಗನ ಕಾಯಿಲೆಯನ್ನೂ ಇಲ್ಲಿ ನೆನೆಯಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಅದು ಉಣುಗಿನ ಕಡಿತದಿಂದ ಬರುತ್ತದೆ. ಜ್ವರ ಬಿಟ್ಟಿತೆಂದು ಒಂದೆರಡು ವಾರ ನೆಮ್ಮದಿಯಾಗಿದ್ದ ಕೆಲವರಲ್ಲಿ ಎರಡನೆಯ ಸುತ್ತಿನ ಜ್ವರದೊಂದಿಗೆ ವಿಪರೀತ ತಲೆನೋವು, ಕತ್ತು ಬಿಗಿತ, ನಡುಕ ಕಾಣಿಸುತ್ತವೆ. ಇದೂ ಮನುಷ್ಯನಿಂದ ಮನುಷ್ಯನಿಗೆ ಅಂಟುವುದಿಲ್ಲ.

ತೆಂಗಿನತೋಟ, ತಿಪಟೂರು:

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಸೂಕ್ಷ್ಮದರ್ಶಕ ಮೇಡಂ ಹೇಳಿದಂತೆ ಅಂದೇ ಮಧ್ಯಾಹ್ನ ಹೋದೆವು, ಏಳು ದಿನ ಮಾತ್ರೆ ಕೊಟ್ಟರು. ಪಟ್ಟಿ ಎದೆಯ ನಡುಗೆರೆಗೆ ಬಂದು ಅಲ್ಲಿಯೇ ನಿಂತಿತು. ಅದನ್ನು ತೋರಿಸಿದ ಮೇಲೆಯೇ ತಾಯಿಯವರು ನಂಬಿದ್ದು. ಹೆಂಡತಿಗೆ ಏಳನೆಯ ತರಗತಿಯಲ್ಲಿ ಸೀತಾಳೆ ಆಗಿತ್ತೆಂದು ಅತ್ತೆಯವರು ನೆನಪಿಸಿಕೊಂಡರು. ಮಗನಿಗೆ ಲಸಿಕೆ ಆಗಿರಲಿಲ್ಲ, ಈಗ ವೈದ್ಯರ ಸಲಹೆಯಂತೆ ಹಾಕಿಸಿದ್ದೇವೆ. ಇದುವರೆಗೆ ಅವನಿಗೆ ಏನೂ ಆಗಿಲ್ಲ.

ಗುಳ್ಳೆಗಳು ಉದುರಿ ಮಚ್ಚೆ ಮಾತ್ರ ಉಳಿದಿದೆ. ಆದರೆ ಉರಿ ಹೋಗಿಲ್ಲ. ಸೆರಗಿನ ಅಂಚು ತಾಗಿದರೂ ಕೆಂಡ ಇಟ್ಟಂತೆ ಎನ್ನುತ್ತಾರೆ, ರಾತ್ರಿ ಫ್ಯಾನಿನ ಗಾಳಿಯನ್ನೂ ತಡೆಯಲಾರರು. ವೈರಸ್ ಇನ್ನೂ ಕೆಲಸ ಮಾಡುತ್ತಿದೆಯೇ?

ಸೂಕ್ಷ್ಮದರ್ಶಕ, ಮೈಸೂರು:

ಈಗ ನೋಯಿಸುತ್ತಿರುವುದು ವೈರಸ್ ಅಲ್ಲ, ಅದು ಸಾಗಿದ ದಾರಿಯಲ್ಲಿ ಪೆಟ್ಟು ತಿಂದ ನರ. ಬಟ್ಟೆಯ ಸ್ಪರ್ಶವನ್ನೂ ಬೆಂಕಿಯ ಸುದ್ದಿಯನ್ನಾಗಿ ಅದು ಮಿದುಳಿಗೆ ಕಳಿಸುತ್ತಿದೆ. ವಯಸ್ಸಾದವರಲ್ಲಿ ಇದು ತಿಂಗಳುಗಟ್ಟಲೆ ಉಳಿಯಬಹುದು. ಸಾಮಾನ್ಯ ನೋವಿನ ಮಾತ್ರೆಗಳಿಗೆ ಇದು ಜಗ್ಗುವುದು ಕಡಿಮೆ, ನರದ ನೋವಿಗೆಂದೇ ಬೇರೆ ಔಷಧಿಗಳಿವೆ. ಮತ್ತೊಮ್ಮೆ ವೈದ್ಯರನ್ನು ಕಂಡು ಸೆರಗು ತಾಗಿದರೆ ಉರಿ ಎಂಬುದನ್ನು ಇದೇ ಮಾತಿನಲ್ಲಿ ತಿಳಿಸಿ. ಅಲ್ಲಿಯವರೆಗೆ ಸೀರೆಯ ಬದಲು ಹಳೆಯ, ಮೆತ್ತಗಿನ ಹತ್ತಿಯ ನೈಟಿ ಉಡಲು ಹೇಳಿ. ಸರ್ಪಸುತ್ತಿಗೆ 50 ದಾಟಿದವರಿಗೆ ಕೊಡುವ ಎರಡು ಡೋಸಿನ ಲಸಿಕೆ 2023ರಿಂದ ನಮ್ಮಲ್ಲೂ ಸಿಗುತ್ತಿದೆ, ಅಗ್ಗದ್ದೇನಲ್ಲ. ತಂದೆಯವರಿದ್ದರೆ ಅವರ ವಿಷಯವನ್ನೂ ಅದೇ ಭೇಟಿಯಲ್ಲಿ ಕೇಳಿಕೊಂಡು ಬನ್ನಿ.